ಮಾತ್ರೆ ನುಂಗಿದ ಮೇಲೆ ಹೊಟ್ಟೆಯ ಪಾಡು

ಓದುಗರ ಪ್ರಶ್ನೆಗಳಿಗೆ ಈ ಬಾರಿ ಜಠರ-ಕರುಳಿನ ವೈದ್ಯರೊಬ್ಬರು ಮತ್ತು ಔಷಧ ತಜ್ಞರೊಬ್ಬರು ಸೇರಿ ಉತ್ತರ ಬರೆದಿದ್ದಾರೆ. ಬಂದ ಪತ್ರಗಳಲ್ಲಿ ಮಾತ್ರೆಯ ಹೆಸರು, ಬಣ್ಣ, ಬೆಲೆ ಎಲ್ಲ ಇದೆ. ಯಾವ ಹೊತ್ತಿಗೆ ನುಂಗುತ್ತೀರಿ, ಯಾವುದರ ಜೊತೆ, ಎಷ್ಟು ದಿನದಿಂದ ಎಂದು ಬರೆದವರು ಮಾತ್ರ ಕಡಿಮೆ. ಹೊಟ್ಟೆ ಕೆಡುವುದರ ಗುಟ್ಟು ಬಹುಪಾಲು ಆ ಮೂರರಲ್ಲೇ ಇರುತ್ತದೆ.

ಪ್ರಶ್ನೆ: ನನಗೆ 52 ವರ್ಷ, ಶಾಲಾ ಶಿಕ್ಷಕ. ಮೂರು ವರ್ಷದ ಹಿಂದೆ ಎದೆ ಉರಿಗೆಂದು ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ಒಂದು ತಿಂಗಳಿಗೆ ಬರೆದುಕೊಟ್ಟಿದ್ದರು. ಆಮೇಲೆ ನಾನೇ ಮುಂದುವರಿಸಿದೆ. ಬಿಟ್ಟರೆ ಮೂರನೇ ದಿನಕ್ಕೆ ಮೊದಲಿಗಿಂತ ಜೋರಾಗಿ ಉರಿಯುತ್ತದೆ. ಈಗ ಅಂಗಡಿಯವರು ಅದೇ ಹೆಸರಿನ ಮುಂದೆ ‘ಡಿ’ ಇರುವ ಕ್ಯಾಪ್ಸೂಲ್ ಕೊಡುತ್ತಿದ್ದಾರೆ. ಇದು ಜೀವನಪರ್ಯಂತ ಬೇಕೇ? ಕರುಳು ಹಾಳಾಗುವುದಿಲ್ಲವೇ?
— ತುಮಕೂರು

ಉತ್ತರ: ಮೂರನೇ ದಿನದ ಆ ಉರಿಯಿಂದಲೇ ಶುರು ಮಾಡೋಣ, ಏಕೆಂದರೆ ನಿಮ್ಮನ್ನು ಮೂರು ವರ್ಷ ಹಿಡಿದಿಟ್ಟಿರುವುದು ಅದೇ. ಜಠರದ ಗೋಡೆಯಲ್ಲಿ ಆಮ್ಲ ಹೊರಹಾಕುವ ಪಂಪುಗಳಿವೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಎಲ್ಲವೂ ಆ ಪಂಪುಗಳಿಗೆ ಬೀಗ ಹಾಕುವ ಮದ್ದುಗಳೇ. ಆಮ್ಲ ಕಡಿಮೆಯಾಯಿತೆಂದು ಜಠರ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ಆಮ್ಲ ತಯಾರಿಯ ಸಾಮರ್ಥ್ಯ ಒಳಗೊಳಗೇ ಬೆಳೆಯುತ್ತದೆ. ಮಾತ್ರೆ ಥಟ್ಟನೆ ನಿಲ್ಲಿಸಿದಾಗ ಬೀಗ ಕಳಚಿ, ಬೆಳೆದ ಸಾಮರ್ಥ್ಯವೆಲ್ಲ ಒಟ್ಟಿಗೆ ಕೆಲಸಕ್ಕಿಳಿಯುತ್ತದೆ. 2009ರಲ್ಲಿ ಡೆನ್ಮಾರ್ಕಿನಲ್ಲಿ ಎದೆ ಉರಿಯೇ ಇಲ್ಲದ ಆರೋಗ್ಯವಂತರಿಗೆ ಎಂಟು ವಾರ ಇದೇ ಕುಲದ ಇಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿ ನೋಡಿದರು. ಅವರಲ್ಲಿ ಶೇ 44 ಮಂದಿಗೆ ಹೊಸದಾಗಿ ಉರಿ, ಹುಳಿ ತೇಗು ಕಾಣಿಸಿಕೊಂಡಿತು. ಮದ್ದಿಲ್ಲದ ಹುಸಿ ಮಾತ್ರೆ ತಿಂದವರಲ್ಲಿ ಇದು ಶೇ 15 ಮಾತ್ರ. ಹಾಗಾಗಿ ಬಿಟ್ಟ ಕೂಡಲೇ ಉರಿಯಿತು ಎಂದ ಮಾತ್ರಕ್ಕೆ ಹಳೆಯ ಕಾಯಿಲೆ ಉಳಿದಿದೆ ಎನ್ನುವಂತಿಲ್ಲ. ಮಾತ್ರೆಯೇ ಮಾತ್ರೆಯನ್ನು ಬೇಡಿಸುತ್ತಿರಬಹುದು.

ಬಿಡುವ ಮುನ್ನ ಒಂದು ಪರೀಕ್ಷೆ. ಹಿಂದೆ ಹುಣ್ಣಿನಿಂದ ರಕ್ತಸ್ರಾವ ಆಗಿದ್ದರೆ, ಎಂಡೊಸ್ಕೊಪಿಯಲ್ಲಿ ಅನ್ನನಾಳದ ಗಾಯ ಜೋರಾಗಿ ಕಂಡಿದ್ದರೆ, ಹೃದಯಕ್ಕೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಇದ್ದರೆ, ನೋವಿನ ಮಾತ್ರೆ ದಿನಾ ಬೇಕಾಗಿದ್ದರೆ ಇದನ್ನು ನೀವಾಗಿ ಬಿಡಬೇಡಿ. ಇವು ಯಾವುದೂ ಇಲ್ಲವಾದರೆ ವೈದ್ಯರಿಗೆ ತಿಳಿಸಿ ಹೀಗೆ ಇಳಿಸಬಹುದು: 40ರಿಂದ 20 ಮಿ.ಗ್ರಾಂ.ಗೆ ಎರಡು ವಾರ, ಆಮೇಲೆ ದಿನ ಬಿಟ್ಟು ದಿನ 20 ಮಿ.ಗ್ರಾಂ. ಇನ್ನೆರಡು ವಾರ, ನಂತರ ನಿಲುಗಡೆ. ನಡುವೆ ಉರಿ ಎದ್ದರೆ ಊಟವಾದ ಮೇಲೆ ಆಂಟಾಸಿಡ್ ದ್ರವ, ಅಥವಾ ರಾತ್ರಿ ಫಮೊಟಿಡಿನ್ 20 ಮಿ.ಗ್ರಾಂ. ಇಳಿಸುವಾಗ 40ರ ಮಾತ್ರೆಯನ್ನು ಮುರಿದು ಅರ್ಧ ಮಾಡಬೇಡಿ. ಆಮ್ಲದಿಂದ ಕಾಪಾಡಲು ಅದರ ಮೇಲೊಂದು ಲೇಪ ಇರುತ್ತದೆ, ಮುರಿದರೆ ಮದ್ದು ಜಠರದಲ್ಲೇ ಕೆಡುತ್ತದೆ. 20ರದ್ದೇ ಬೇರೆ ಸ್ಟ್ರಿಪ್ ಕೇಳಿ.

ಅಲ್ಲಿಯವರೆಗೂ ಹೊತ್ತು ಸರಿಪಡಿಸಿಕೊಳ್ಳಿ. ಈ ಮದ್ದು ಹಿಡಿಯುವುದು ಆ ಹೊತ್ತಿನಲ್ಲಿ ಕೆಲಸ ಮಾಡುತ್ತಿರುವ ಪಂಪುಗಳನ್ನು ಮಾತ್ರ, ಅವು ಎಚ್ಚರಗೊಳ್ಳುವುದು ತಿಂಡಿಯಿಂದ. ಆದ್ದರಿಂದ ತಿಂಡಿಗೆ ಅರ್ಧ ಗಂಟೆ ಮೊದಲು ನೀರಿನಲ್ಲಿ ನುಂಗಬೇಕು. ಎದ್ದ ಕೂಡಲೇ ಕಾಫಿ, ಆಮೇಲೆ ಇಡ್ಲಿ, ಕೊನೆಗೆ ನೆನಪಾದಾಗ ಮಾತ್ರೆ ಎಂದಾದರೆ 40 ಮಿ.ಗ್ರಾಂ. ನುಂಗಿಯೂ ಅರ್ಧ ಕೆಲಸ. ‘ಇದು ಸಾಲುತ್ತಿಲ್ಲ’ ಎಂದು ಎರಡು ಹೊತ್ತು ಮಾಡಿಸಿಕೊಳ್ಳುವವರಲ್ಲಿ ಎಷ್ಟೋ ಮಂದಿಯ ಕಥೆ ಇಷ್ಟೇ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರು ಇಂಚು ಎತ್ತರಕ್ಕೆ ಇಟ್ಟಿಗೆ ಅಥವಾ ಮರದ ತುಂಡು ಕೊಡಿ. ಎರಡು ದಿಂಬು ಪೇರಿಸಿದರೆ ಹೊಟ್ಟೆ ಮಡಚಿಕೊಂಡು ಉರಿ ಹೆಚ್ಚುವುದೂ ಉಂಟು.

ಇನ್ನು ಕರುಳಿನ ವಿಷಯ. ಜಠರದ ಆಮ್ಲ ಎಂದರೆ ಊರ ಬಾಗಿಲಿನ ಕಾವಲುಗಾರ. ಊಟ-ನೀರಿನ ಜೊತೆ ಬರುವ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ನಂಥ ರೋಗಾಣುಗಳನ್ನು ಅದು ಅಲ್ಲೇ ಮುಗಿಸುತ್ತದೆ. ಕಾವಲು ಸಡಿಲವಾದರೆ ಭೇದಿ ಹೆಚ್ಚು, ಬಾಯಿಯಲ್ಲಿರಬೇಕಾದ ಬ್ಯಾಕ್ಟೀರಿಯಾ ಕರುಳಿನವರೆಗೂ ಇಳಿಯುತ್ತವೆ, ಕೆಲವರಿಗೆ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದು ಹೊಟ್ಟೆ ಉಬ್ಬರ. ಆಹಾರದಿಂದ ಬಿ12 ಬಿಡಿಸಿಕೊಳ್ಳುವುದಕ್ಕೂ ಆಮ್ಲ ಬೇಕು. ವರ್ಷಗಟ್ಟಲೆ ತಿಂದವರಲ್ಲಿ ಮೆಗ್ನೀಷಿಯಂ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿತ್ತು. ಮೀನಖಂಡ ಸೆಳೆತ, ಕೈಕಾಲು ಜೋಮು ಇದ್ದರೆ ಇವೆರಡನ್ನೂ ಪರೀಕ್ಷಿಸಿಕೊಳ್ಳಿ.

ಹಾಗೆಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ‘ಗ್ಯಾಸ್ ಮಾತ್ರೆಯಿಂದ ಕಿಡ್ನಿ ಹೋಯಿತು, ಮರೆವು ಬಂತು’ ಎಂಬ ಪಟ್ಟಿಗೆ ಹೆದರಬೇಕಿಲ್ಲ. 17 ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳಿಗೆ ಪ್ಯಾಂಟೊಪ್ರಜೋಲ್ ಅಥವಾ ಹುಸಿ ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ಗಮನಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಸ್ಪಷ್ಟವಾಗಿ ಹೆಚ್ಚಿದ್ದು ಕರುಳಿನ ಸೋಂಕು ಒಂದೇ: ನೂರಕ್ಕೆ 1ರ ಜಾಗದಲ್ಲಿ 1.4. ಬೇಕಾದವರಿಗೆ ಇದು ಒಳ್ಳೆಯ ಮದ್ದು, ಬೇಡದವರಿಗೆ ಸುಮ್ಮನೆ ಹೊರೆ.

‘ಡಿ’ ಎಂದರೆ ಡಾಮ್ಪೆರಿಡೋನ್, ವಾಂತಿಯ ಮದ್ದು. ವಾಂತಿ, ವಾಕರಿಕೆ ಇಲ್ಲದ ನಿಮಗೆ ಅದರ ಕೆಲಸವೇ ಇಲ್ಲ. ಆ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ 30 ಮಿ.ಗ್ರಾಂ. ಇರುತ್ತದೆ. ಯುರೋಪಿನಲ್ಲಿ 2014ರಿಂದ ದಿನಕ್ಕೆ ಅಷ್ಟೇ ಮಿತಿ, ಅದೂ ವಾಂತಿ-ವಾಕರಿಕೆಗೆ ಮಾತ್ರ, ಒಂದು ವಾರಕ್ಕಿಂತ ಹೆಚ್ಚು ಬೇಡ ಎಂದು ಕಟ್ಟುಪಾಡು ಮಾಡಿದ್ದಾರೆ. ಕಾರಣ ಹೃದಯ ಬಡಿತದ ಲಯ ತಪ್ಪುವ ಅಪಾಯ. ಅರವತ್ತು ದಾಟಿದವರಲ್ಲಿ, ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಅಥವಾ ಶಿಲೀಂಧ್ರ ಸೋಂಕಿನ ಫ್ಲುಕೊನಜೋಲ್ ಜೊತೆಗೆ ತಿಂದರೆ ಅದು ಇನ್ನೂ ಹೆಚ್ಚು. ಹೆಂಗಸರಲ್ಲಿ ಮುಟ್ಟು ಏರುಪೇರಾಗಿ, ಬಾಣಂತಿಯಲ್ಲದಿದ್ದರೂ ಎದೆಯಲ್ಲಿ ಹಾಲು ಒಸರುವುದೂ ಇದರಿಂದಲೇ. ಮೊದಲು ಬಿಡಬೇಕಾದ್ದು ಈ ‘ಡಿ’ಯನ್ನು. ಇದಕ್ಕೆ ಇಳಿಸುವ ಲೆಕ್ಕವೂ ಬೇಕಿಲ್ಲ.

ನುಂಗುವಾಗ ತುತ್ತು ಸಿಕ್ಕಿಕೊಳ್ಳುವುದು, ತೂಕ ಇಳಿಯುವುದು, ರಕ್ತಹೀನತೆ, ಕಪ್ಪು ಮಲ ಇವುಗಳಲ್ಲಿ ಒಂದಿದ್ದರೂ ಮಾತ್ರೆಯ ಲೆಕ್ಕ ಪಕ್ಕಕ್ಕಿಟ್ಟು ಎಂಡೊಸ್ಕೊಪಿ ಮಾಡಿಸಿ.

ಪ್ರಶ್ನೆ: ಅಮ್ಮನಿಗೆ 70 ವರ್ಷ. ಮಂಡಿ ನೋವಿಗೆ ಡೈಕ್ಲೋಫೆನಾಕ್ 50 ಮಿ.ಗ್ರಾಂ. ದಿನಕ್ಕೆರಡು, ಹೃದಯಕ್ಕೆ ಆಸ್ಪಿರಿನ್ 75, ಜೊತೆಗೆ ಕಬ್ಬಿಣದ ಮಾತ್ರೆ. ಎಲ್ಲವನ್ನೂ ಊಟದ ನಂತರವೇ ಕೊಡುತ್ತೇವೆ. ಹೊಟ್ಟೆ ನೋವು ಇಲ್ಲ. ಆದರೆ ಒಂದು ವಾರದಿಂದ ತುಂಬಾ ಸುಸ್ತು, ಮಲ ಕಪ್ಪಗಿದೆ. ಕಬ್ಬಿಣದಿಂದ ಹಾಗೆ ಎನ್ನುತ್ತಾರೆ. ಮಾತ್ರೆ ಬದಲು ಇಂಜೆಕ್ಷನ್ ಹಾಕಿಸಿದರೆ ಹೊಟ್ಟೆಗೆ ಒಳ್ಳೆಯದೇ?
— ಹಾವೇರಿ

ಉತ್ತರ: ಈ ಪತ್ರಕ್ಕೆ ಸಂಚಿಕೆಗೆ ಕಾಯದೆ ಅಂಚೆಯಲ್ಲೇ ಉತ್ತರ ಕಳಿಸಿದ್ದೇವೆ: ಡೈಕ್ಲೋಫೆನಾಕ್ ಇಂದೇ ನಿಲ್ಲಿಸಿ, ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಆಸ್ಪಿರಿನ್ ವಿಷಯವನ್ನು ಅಲ್ಲಿನ ವೈದ್ಯರು ತೀರ್ಮಾನಿಸಲಿ, ಸ್ಟೆಂಟ್ ಇರುವವರಲ್ಲಿ ಅದನ್ನು ಮನೆಯಲ್ಲಿ ನಿಲ್ಲಿಸುವುದು ಅಪಾಯ. ಉಳಿದ ಓದುಗರಿಗಾಗಿ ವಿವರ ಇಲ್ಲಿದೆ.

ಕಪ್ಪಿನಲ್ಲಿ ಎರಡು ಬಗೆ. ಕಬ್ಬಿಣದ ಮಾತ್ರೆಯಿಂದ ಬರುವ ಕಪ್ಪು ತುಸು ಹಸಿರು ಬೆರೆತದ್ದು. ಮಲ ಗಟ್ಟಿಯಾಗಿ ರೂಪ ಹಿಡಿದಿರುತ್ತದೆ, ವಾಸನೆ ಎಂದಿನಂತೆಯೇ. ಜಠರದ ಹುಣ್ಣಿನಿಂದ ಒಸರಿದ ರಕ್ತ ಕರುಳಲ್ಲಿ ಇಳಿದು ಬಂದರೆ ಮಲ ರಸ್ತೆಗೆ ಹಾಕುವ ಡಾಂಬರಿನಂತೆ: ಹೊಳಪು, ಅಂಟು, ನೀರು ಸುರಿದರೂ ಜಾರದು, ಬೇರೆಯದೇ ಆದ ಕೆಟ್ಟ ನಾತ. ಅದರ ಜೊತೆ ಸುಸ್ತು, ಎದ್ದು ನಿಂತಾಗ ತಲೆ ಸುತ್ತು, ನಾಡಿ ಜೋರು ಇದ್ದರೆ ಕಬ್ಬಿಣದ ಮೇಲೆ ಹಾಕಿ ಕೂರಬಾರದು. ನೋವು ಇಲ್ಲ ಎಂಬ ಸಮಾಧಾನವೂ ಬೇಡ. ನೋವು ಮುಚ್ಚುವ ಮಾತ್ರೆ ಹುಣ್ಣಿನ ನೋವನ್ನೂ ಮುಚ್ಚುತ್ತದೆ. ವಯಸ್ಸಾದವರಲ್ಲಿ ಮೊದಲ ಸೂಚನೆ ರಕ್ತಸ್ರಾವವೇ ಆಗಿರುವುದು ಅಪರೂಪವಲ್ಲ.

ಊಟದ ನಂತರ ಕೊಟ್ಟರೂ ಹೀಗೇಕೆ? ಜಠರದ ಒಳಪದರ ತನ್ನ ಆಮ್ಲದಿಂದ ತಾನೇ ಸುಡದಂತೆ ಲೋಳೆ, ಬೈಕಾರ್ಬನೇಟ್ ಸ್ರವಿಸುತ್ತದೆ. ಅದಕ್ಕೆ ಅಪ್ಪಣೆ ಕೊಡುವುದು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಆಸ್ಪಿರಿನ್ ಬಗೆಯ ಮದ್ದುಗಳು ನೋವು ತಗ್ಗಿಸುವುದೇ ಈ ಪ್ರೊಸ್ಟಾಗ್ಲಾಂಡಿನ್ ತಯಾರಿ ನಿಲ್ಲಿಸಿ ಎಂದು ಇಂಗ್ಲೆಂಡಿನ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಮಂಡಿಯ ನೋವಿನದ್ದು, ಜಠರದ ರಕ್ಷಣೆಯದ್ದು ಎಂದು ಮಾತ್ರೆ ಬೇರೆ ಮಾಡಿ ನೋಡುವುದಿಲ್ಲ. ಮದ್ದು ರಕ್ತಕ್ಕೆ ಸೇರಿ ಅಲ್ಲಿಂದ ಜಠರದ ಗೋಡೆಗೆ ಬರುತ್ತದೆ. ಆದ್ದರಿಂದ ಇಂಜೆಕ್ಷನ್ ಹಾಕಿಸಿದರೂ, ಗುದದ್ವಾರದಲ್ಲಿ ಇಟ್ಟರೂ, ಲೇಪ ಇರುವ ಮಾತ್ರೆ ತಂದರೂ ಹುಣ್ಣಿನ ಅಪಾಯ ತಪ್ಪದು. ಊಟದ ಜೊತೆ ನುಂಗಿದರೆ ವಾಕರಿಕೆ, ಸಂಕಟ ಕಡಿಮೆಯಾಗುತ್ತದೆ, ಅಷ್ಟೇ. ಅಪಾಯ ಹೆಚ್ಚಿಸುವ ಸಂಗತಿಗಳು ಒಂದರ ಮೇಲೊಂದು ಪೇರುತ್ತವೆ: 65 ದಾಟಿದ ವಯಸ್ಸು, ಹಳೆಯ ಹುಣ್ಣು, ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮದ್ದು, ಸ್ಟಿರಾಯ್ಡ್, ಖಿನ್ನತೆಯ ಕೆಲವು ಮಾತ್ರೆಗಳು. ನಿಮ್ಮ ತಾಯಿಗೆ ಈಗಾಗಲೇ ಎರಡು ಸೇರಿವೆ.

ಅವರು ಚೇತರಿಸಿಕೊಂಡ ಮೇಲೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾಕ್ಕೆ ಪರೀಕ್ಷೆ ಮಾಡಿಸಲೇಬೇಕು. ಎಷ್ಟೋ ಹುಣ್ಣುಗಳಿಗೆ ಇದು ಕಾರಣವೆಂದು ತೋರಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಮಲದ ಆಂಟಿಜೆನ್ ಅಥವಾ ಉಸಿರಿನ ಪರೀಕ್ಷೆ ಸಾಕು. ಆದರೆ ಪ್ಯಾಂಟೊಪ್ರಜೋಲ್ ತಿನ್ನುತ್ತಿರುವಾಗ ಮಾಡಿಸಿದರೆ ಬ್ಯಾಕ್ಟೀರಿಯಾ ಇದ್ದರೂ ‘ಇಲ್ಲ’ ಎಂದು ಬರಬಹುದು. ಪರೀಕ್ಷೆಗೆ ಎರಡು ವಾರ ಮೊದಲು ಅದು, ನಾಲ್ಕು ವಾರ ಮೊದಲು ಆಂಟಿಬಯಾಟಿಕ್ ನಿಂತಿರಬೇಕು. ರಕ್ತ ಒಸರಿದವರು ನಿಲ್ಲಿಸುವುದು ವೈದ್ಯರು ಹೇಳಿದಾಗ ಮಾತ್ರ.

ಮಂಡಿಗೆ ಇನ್ನು ಮುಂದೆ ಡೈಕ್ಲೋಫೆನಾಕ್ ಜೆಲ್ ಒಳ್ಳೆಯದು. ಹಚ್ಚಿದ್ದರಲ್ಲಿ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಬೆರಳ ತುದಿಯಷ್ಟು ಸವರಿ ‘ಹತ್ತಲಿಲ್ಲ’ ಎನ್ನುವವರೇ ಹೆಚ್ಚು. ಶೇ 1ರ ಜೆಲ್ ಆದರೆ ಒಂದು ಮಂಡಿಗೆ ಒಂದು ಸಲಕ್ಕೆ 4 ಗ್ರಾಂ ಬೇಕು. 30 ಗ್ರಾಂ ಟ್ಯೂಬ್ ಏಳೆಂಟು ಸಲಕ್ಕೇ ಖಾಲಿಯಾದರೆ ಅಳತೆ ಸರಿಯಾಗಿದೆ ಎಂದರ್ಥ. ಜೊತೆಗೆ ಪ್ಯಾರಾಸಿಟಮಾಲ್, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ.

ಮನೆಯಲ್ಲಿರುವ ಸ್ಟ್ರಿಪ್‌ಗಳ ಹಿಂಬದಿಯ ಸಣ್ಣಕ್ಷರವನ್ನೂ ಒಮ್ಮೆ ಓದಿ. ಮಂಡಿಗೊಂದು ಹೆಸರು, ಬೆನ್ನಿಗೊಂದು ಹೆಸರು, ಹಲ್ಲಿಗೊಂದು ಹೆಸರು ಇದ್ದರೂ ಒಳಗೆ ಅಸೆಕ್ಲೊಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಎಂಬ ಒಂದೇ ಕುಲದವು. ಇವುಗಳಲ್ಲಿ ಎರಡು ಸೇರಿದರೆ ನೋವು ಇಮ್ಮಡಿ ಇಳಿಯುವುದಿಲ್ಲ, ಹುಣ್ಣಿನ ಅಪಾಯ ಮಾತ್ರ ಏರುತ್ತದೆ. ಇನ್ನೊಂದು ಮಾತು: ಮದ್ದಿನ ಹೆಸರೇ ಇಲ್ಲದ ಪೊಟ್ಟಣದಲ್ಲಿ ಸಿಗುವ ‘ಮೈಕೈ ನೋವಿನ ಪುಡಿ’ ಒಂದೇ ದಿನದಲ್ಲಿ ಪವಾಡ ಮಾಡಿದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿದೆಯೋ ಎಂದು ಅನುಮಾನಿಸುವುದು ಜಾಣತನ.

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ಕಿವಿ ಸೋಂಕಿಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್ ಏಳು ದಿನಕ್ಕೆ ಬರೆದಿದ್ದಾರೆ. ಮೂರನೇ ದಿನದಿಂದ ದಿನಕ್ಕೆ ಐದು ಸಲ ನೀರು ನೀರಾಗಿ ಹೋಗುತ್ತಿದೆ. ಆಟವಾಡಿಕೊಂಡಿದ್ದಾನೆ. ಸಿರಪ್ ನಿಲ್ಲಿಸಲೇ? ಮೊಸರು ಸಾಕೇ, ಪ್ರೊಬಯಾಟಿಕ್ ಬೇಕೇ?
— ಮಂಗಳೂರು

ಉತ್ತರ: ಆಟವಾಡುತ್ತಿದ್ದರೆ, ಮೂತ್ರ ಸರಿಯಾಗಿ ಹೋಗುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ. ಈ ಜೋಡಿಯಲ್ಲಿ ಭೇದಿ ಮಾಡಿಸುವುದರಲ್ಲಿ ಮುಂದಿರುವುದು ಕ್ಲಾವುಲನೇಟ್. ಅದು ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ. ಇನ್ನೊಂದು ಕಡೆ, ಜೀರ್ಣವಾಗದೆ ಉಳಿದ ಪಿಷ್ಟವನ್ನು ಹುದುಗಿಸುವ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಕಿವಿಯ ರೋಗಾಣುವಿನ ಜೊತೆಗೇ ಸಾಯುತ್ತವೆ. ಹುದುಗದೆ ಉಳಿದದ್ದು ನೀರನ್ನು ಎಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ಕೋರ್ಸ್ ಮುಗಿದ ಕೆಲವೇ ದಿನಗಳಲ್ಲಿ ಇದು ತಾನಾಗಿ ಸರಿಹೋಗುತ್ತದೆ.

ಸಿರಪ್ಪನ್ನು ಊಟದ ಮೊದಲ ತುತ್ತಿನ ಹೊತ್ತಿಗೆ ಕೊಡಿ. ಆಗ ಹೊಟ್ಟೆಗೂ ಹಗುರ, ಕ್ಲಾವುಲನೇಟ್ ಹೀರಿಕೆಯೂ ಚೆನ್ನ. ಪುಡಿಗೆ ನೀರು ಬೆರೆಸಿದ್ದು ಸರಿಯೇ ನೋಡಿ: ಕುದಿಸಿ ಪೂರ್ತಿ ಆರಿಸಿದ ನೀರನ್ನು ಬಾಟಲಿಯ ಗೆರೆಗೆ ಅರ್ಧದಷ್ಟು ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗೆರೆಯವರೆಗೆ ತುಂಬಬೇಕು. ನೊರೆಯನ್ನೇ ಗೆರೆ ಎಂದುಕೊಂಡರೆ ಮದ್ದು ಗಾಢವಾಗಿಬಿಡುತ್ತದೆ. ಬೆರೆಸಿದ ಮೇಲೆ ಫ್ರಿಜ್ಜಿನಲ್ಲಿಡಿ, ಏಳು ದಿನದ ನಂತರ ಚೆಲ್ಲಿ, ಪ್ರತಿ ಸಲ ಕುಲುಕಿಯೇ ಕೊಡಿ. ದೊಡ್ಡವರ ಮಾತ್ರೆಯಲ್ಲೂ ಒಂದು ಬಲೆ ಇದೆ. 625ರ ಮಾತ್ರೆಯಲ್ಲಿ ಅಮಾಕ್ಸಿಸಿಲಿನ್ 500, ಕ್ಲಾವುಲನೇಟ್ 125. 375ರಲ್ಲಿ 250 ಮತ್ತು ಅದೇ 125. ‘625 ಸ್ಟಾಕ್ ಇಲ್ಲ, 375 ಎರಡು ತಗೊಳ್ಳಿ’ ಎಂದರೆ ಕ್ಲಾವುಲನೇಟ್ ದುಪ್ಪಟ್ಟು, ಶೌಚಾಲಯದ ಓಡಾಟವೂ ಹಾಗೇ.

ಭೇದಿಗೆ ಮೊದಲ ಮದ್ದು ಓಆರ್‌ಎಸ್. ಒಂದು ಲೀಟರಿನ ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರಿಗೆ, ಚಿಕ್ಕದನ್ನು 200 ಮಿ.ಲೀ.ಗೆ ಬೆರೆಸಿ. ಅರ್ಧ ಪ್ಯಾಕೆಟ್ ಅಂದಾಜಿನಲ್ಲಿ ಬೇಡ, ಮೇಲೆ ಸಕ್ಕರೆಯೂ ಬೇಡ. ನಿಮ್ಮ ಮಗನ ವಯಸ್ಸಿಗೆ ಪ್ರತಿ ಭೇದಿಯ ನಂತರ 100ರಿಂದ 200 ಮಿ.ಲೀ., ಚಮಚ ಚಮಚವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಕಲಸಿದ್ದು 24 ಗಂಟೆ ಮಾತ್ರ. ಪೆಟ್ಟಿಗೆಯಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿ ಪಾನೀಯಗಳಲ್ಲಿ ಸಕ್ಕರೆ ಹೆಚ್ಚು, ಉಪ್ಪು ಕಡಿಮೆ. ಅವು ಭೇದಿಯನ್ನು ಹೆಚ್ಚಿಸುತ್ತವೆ. ಪ್ಯಾಕೆಟ್ಟಿನ ಮೇಲೆ ಡಬ್ಲ್ಯೂಎಚ್‌ಒ ಸೂತ್ರ ಎಂದಿದೆಯೇ ನೋಡಿ ಕೊಳ್ಳಿ.

ಮೊಸರು, ಮಜ್ಜಿಗೆ ಧಾರಾಳವಾಗಿ ಕೊಡಿ, ಹಾಲಿಗಿಂತ ಅದು ಈಗ ಹಗುರ. ಆದರೆ ಮನೆಯ ಹೆಪ್ಪಿನಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂಬುದು ಪಾತ್ರೆಯಿಂದ ಪಾತ್ರೆಗೆ ಬೇರೆ, ಅದನ್ನು ಮದ್ದೆಂದು ಎಣಿಸುವಂತಿಲ್ಲ. ಪ್ರೊಬಯಾಟಿಕ್‌ಗಳಲ್ಲಿ ಆಂಟಿಬಯಾಟಿಕ್ ಭೇದಿಗೆ ಪುರಾವೆ ಚೆನ್ನಾಗಿರುವುದು ಸ್ಯಾಕರೋಮೈಸಿಸ್ ಬೌಲಾರ್ಡಿಗೆ. ಅದು ಯೀಸ್ಟ್ ಆದ್ದರಿಂದ ಆಂಟಿಬಯಾಟಿಕ್‌ಗೆ ಸಾಯದು. ಕೋರ್ಸ್ ಶುರುವಾದ ಎರಡು ದಿನದೊಳಗೆ ಆರಂಭಿಸಿದರೆ ಲಾಭ ಹೆಚ್ಚು, ಮೂರು-ನಾಲ್ಕನೇ ದಿನಕ್ಕೆ ಲಾಭ ಇಳಿಯುತ್ತದೆ. ಬಿಸಿ ಹಾಲಿಗೆ ಬೆರೆಸಿದರೆ ಯೀಸ್ಟ್ ಸಾಯುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಂದಿದವರು ಇದನ್ನು ಮುಟ್ಟಬಾರದು, ಯೀಸ್ಟ್ ರಕ್ತಕ್ಕೆ ಸೇರುವ ಅಪಾಯವಿದೆ. ‘ಕೋರ್ಸ್ ಮುಗಿದ ಮೇಲೆ ಒಂದು ತಿಂಗಳು ಪ್ರೊಬಯಾಟಿಕ್ ತಿಂದರೆ ಕರುಳು ಬೇಗ ತುಂಬಿಕೊಳ್ಳುತ್ತದೆ’ ಎಂಬ ಮಾತಿಗೆ ಆಧಾರ ದುರ್ಬಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ 2018ರ ಅಧ್ಯಯನದಲ್ಲಿ ಹಾಗೆ ತಿಂದವರ ಸ್ವಂತ ಬ್ಯಾಕ್ಟೀರಿಯಾ ಮರಳಿ ಬರುವುದು ಇನ್ನೂ ತಡವಾಯಿತು.

ಮಲದಲ್ಲಿ ರಕ್ತ, ಜ್ವರ, ಹೊಟ್ಟೆ ಬಿಗಿದು ಊದುವುದು, ಮಂಕು, ಆರೇಳು ಗಂಟೆ ಮೂತ್ರವಿಲ್ಲ ಎಂದಾದರೆ ಆಸ್ಪತ್ರೆಗೆ. ಭೇದಿ ನಿಲ್ಲಿಸುವ ಲೋಪೆರಮೈಡ್ ಈ ವಯಸ್ಸಿಗೆ ಬೇಡವೇ ಬೇಡ. ದೊಡ್ಡವರಿಗೆ ಇನ್ನೊಂದು ಸೂಚನೆ: ಕ್ಲಿಂಡಾಮೈಸಿನ್, ಸೆಫಲೊಸ್ಪೊರಿನ್‌ನಂಥವನ್ನು ತಿಂದು ಎರಡು ಮೂರು ತಿಂಗಳ ಒಳಗೆ ವಿಪರೀತ ಭೇದಿ ಶುರುವಾದರೆ ‘ಯಾವಾಗಲೋ ಆಂಟಿಬಯಾಟಿಕ್ ತಿಂದಿದ್ದೆ’ ಎಂದು ವೈದ್ಯರಿಗೆ ಹೇಳಿ. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಕರುಳಿನ ಬ್ಯಾಕ್ಟೀರಿಯಾದ ಸೋಂಕಿನ ಸುಳಿವು ಆ ಒಂದು ಮಾತಿನಲ್ಲಿರುತ್ತದೆ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ 1000 ಎಸ್‌ಆರ್ ಶುರುವಾಗಿ ತಿಂಗಳಾಯಿತು. ಬೆಳಿಗ್ಗೆ ತಡೆಯಲಾರದ ಭೇದಿ. ಮೊನ್ನೆ ಮಲದಲ್ಲಿ ಇಡೀ ಮಾತ್ರೆಯೇ ಹೊರಬಂದಿದೆ! ಮದ್ದು ಮೈಗೆ ಹತ್ತುತ್ತಿಲ್ಲವೇ?
— ಮೈಸೂರು

ಉತ್ತರ: ಹೊರಬಂದದ್ದು ಮಾತ್ರೆಯ ಚಿಪ್ಪು. ನಿಧಾನವಾಗಿ ಮದ್ದು ಬಿಡುವ ಎಸ್‌ಆರ್ ಮಾತ್ರೆ ನೀರು ಹೀರಿ ಲೋಳೆಯಂತೆ ಉಬ್ಬಿ, ಒಳಗಿನ ಮದ್ದನ್ನು ಗಂಟೆಗಟ್ಟಲೆ ಸೋಸುತ್ತದೆ. ಕೊನೆಗೆ ಮೆತ್ತನೆಯ, ಮಾಸಲು ಬಣ್ಣದ ಉಂಡೆ ಉಳಿಯುತ್ತದೆ. ಒತ್ತಿದರೆ ಹಿಚುಕಿಕೊಳ್ಳುತ್ತದೆ. ಹಾಗಿದ್ದರೆ ಚಿಂತೆಯಿಲ್ಲ. ಆದರೆ ಎಸ್‌ಆರ್ ಮಾತ್ರೆಯನ್ನು ಪುಡಿ ಮಾಡಿ ತಿನ್ನಬೇಡಿ, ದಿನವಿಡೀ ಬಿಡಬೇಕಾದ್ದು ಒಂದೇ ಸಲ ಕರುಳಿಗೆ ಸುರಿಯುತ್ತದೆ.

ಭೇದಿಗೆ ಕಾರಣ ಆರಂಭದ ಪ್ರಮಾಣ. ಮೆಟ್‌ಫಾರ್ಮಿನ್ ರಕ್ತದಲ್ಲಿ ಇರುವುದಕ್ಕಿಂತ ಹಲವು ಪಟ್ಟು ಹೆಚ್ಚು ಕರುಳಿನ ಗೋಡೆಯಲ್ಲಿ ಶೇಖರವಾಗುತ್ತದೆ. ಪಿತ್ತರಸದ ಆಮ್ಲಗಳ ಮರುಹೀರಿಕೆ ತಗ್ಗುತ್ತದೆ, ಅವು ದೊಡ್ಡ ಕರುಳಿಗಿಳಿದು ನೀರು ಸೆಳೆಯುತ್ತವೆ. ಕರುಳಿಗೆ ಒಗ್ಗಿಕೊಳ್ಳಲು ಸಮಯ ಬೇಕು. ವೈದ್ಯರನ್ನು ಕೇಳಿ ರಾತ್ರಿ ಊಟದ ಜೊತೆ 500 ಎಸ್‌ಆರ್‌ಗೆ ಇಳಿಸಿ. ಒಂದೆರಡು ವಾರ ಹೊಟ್ಟೆ ತಣ್ಣಗಿದ್ದರೆ ಮುಂದಿನ 500. ಊಟ ಮುಗಿದ ಮೇಲಲ್ಲ, ನಡುವೆ ನುಂಗುವುದು ಇನ್ನೂ ಒಳ್ಳೆಯದು.

ವರ್ಷಗಳ ನಂತರ ನೆನಪಿಡಬೇಕಾದ್ದು ಬಿ12. ಮೆಟ್‌ಫಾರ್ಮಿನ್ ಅದರ ಹೀರಿಕೆಯನ್ನು ತಗ್ಗಿಸುತ್ತದೆ. ಜೊತೆಗೆ ಪ್ಯಾಂಟೊಪ್ರಜೋಲ್ ಇದ್ದು, ಸಸ್ಯಾಹಾರಿಯೂ ಆಗಿದ್ದರೆ ಮೂರು ಕಡೆಯಿಂದ ಪೆಟ್ಟು. ಪಾದ ಉರಿ, ಜೋಮು ಬಂದಾಗ ‘ಸಕ್ಕರೆಯಿಂದ ನರ ಹೋಗಿದೆ’ ಎಂದು ಕೈಚೆಲ್ಲುವ ಮೊದಲು ಬಿ12 ನೋಡಿಸಿ. ವರ್ಷಕ್ಕೊಮ್ಮೆಯಾದರೂ ನೋಡಿಸುವುದು ಒಳಿತು. ಅದು ಕೊರತೆಯಿಂದಾದರೆ ತುಂಬಿಸಬಹುದು, ಹೆಚ್ಚು ತಡವಾದರೆ ನರದ ಹಾನಿ ಪೂರ್ತಿ ಮರಳದು.

ಇದೇ ಪತ್ರದ ಕೊನೆಯಲ್ಲಿ ವೋಗ್ಲಿಬೋಸ್‌ನಿಂದ ಗ್ಯಾಸ್ ಎಂದಿದ್ದೀರಿ. ಅದು ಆ ಮಾತ್ರೆಯ ಕೆಲಸದ ಇನ್ನೊಂದು ಮುಖ. ಅನ್ನ, ಮುದ್ದೆಯ ಪಿಷ್ಟ ಸಣ್ಣ ಕರುಳಲ್ಲಿ ಬೇಗ ಒಡೆಯದಂತೆ ಅದು ತಡೆಯುತ್ತದೆ, ಒಡೆಯದ್ದು ಮುಂದೆ ಹೋಗಿ ಹುದುಗುತ್ತದೆ. ತಟ್ಟೆಯಲ್ಲಿ ಮುದ್ದೆಯೂ ಅನ್ನವೂ ಇದ್ದರೆ ಒಂದನ್ನು ಬಿಡಿ, ಶಬ್ದ ಅರ್ಧಕ್ಕಿಳಿಯುತ್ತದೆ. ಇದನ್ನು ತಿನ್ನುವವರಿಗೆ ಸಕ್ಕರೆ ಅಂಶ ತೀರಾ ಕುಸಿದರೆ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡವು. ಗ್ಲೂಕೋಸ್ ಪುಡಿಯೇ ಬೇಕು. ಒಂದು ಡಬ್ಬಿ ಮನೆಯಲ್ಲಿರಲಿ.

ಪ್ರಶ್ನೆ: ಐದನೇ ತಿಂಗಳು. ಕೆಂಪು ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಎರಡನ್ನೂ ಆಶಾ ಅಕ್ಕ ಕೊಟ್ಟಿದ್ದಾರೆ. ತಿಂದರೆ ವಾಕರಿಕೆ, ಎರಡು ದಿನಕ್ಕೊಮ್ಮೆ ಮಲ, ಅದೂ ಕಪ್ಪು.
— ಕಲಬುರಗಿ

ಉತ್ತರ: ಬೇರೆ ತೊಂದರೆ ಇಲ್ಲದಿದ್ದರೆ ನಿಮ್ಮ ಕಪ್ಪು ಕಬ್ಬಿಣದ್ದೇ, ಹೆದರಬೇಡಿ. ಆ ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಇದೆ. ಹೀರಿಕೆಯಾಗದೆ ಉಳಿದ ಕಬ್ಬಿಣವೇ ಮಲಬದ್ಧತೆ ತರುವುದು, ಆದ್ದರಿಂದ ಹೀರಿಕೆ ಹೆಚ್ಚಿಸಿದಷ್ಟೂ ಹೊಟ್ಟೆಗೆ ಸುಖ. ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡಿ, ಒಂದು ಇನ್ನೊಂದಕ್ಕೆ ಅಡ್ಡ. ಎರಡು ಗಂಟೆ ಅಂತರವಿರಲಿ: ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ನಿಂಬೆರಸದ ನೀರಿನ ಜೊತೆ ಮಲಗುವ ಮುನ್ನ. ಮಲಗಿದ ಮೇಲೆ ವಾಕರಿಕೆಯೂ ತಿಳಿಯದು. ಚಹಾ, ಕಾಫಿ, ಹಾಲು ಒಂದು ಗಂಟೆ ದೂರ. ದಿನ ಬಿಟ್ಟು ದಿನ ತಿಂದರೆ ಹೀರಿಕೆ ಚೆನ್ನ ಎಂದು ಓದಿರಬಹುದು, ಗರ್ಭಿಣಿಯಲ್ಲದವರಲ್ಲಿ ಅದು ನಿಜ. ಬಸುರಿಯಲ್ಲಿ ನೀವಾಗಿ ಹಾಗೆ ಮಾಡಬೇಡಿ, ಹಿಮೋಗ್ಲೋಬಿನ್ ನೋಡಿ ವೈದ್ಯರು ಹೇಳಲಿ. ಮಲಬದ್ಧತೆಗೆ ಲ್ಯಾಕ್ಟುಲೋಸ್ ಸಿರಪ್ ಈ ಹೊತ್ತಿನಲ್ಲೂ ನಡೆಯುತ್ತದೆ.

ಪ್ರಶ್ನೆ: ಇಲಿ ಜ್ವರಕ್ಕೆಂದು ಡಾಕ್ಸಿಸೈಕ್ಲಿನ್ ಕೊಟ್ಟರು. ಎರಡನೇ ದಿನದಿಂದ ಎಂಜಲು ನುಂಗಿದರೂ ಎದೆಯ ನಡುವೆ ಚುಚ್ಚುತ್ತದೆ. ಹೃದಯವೇ?
— ತೀರ್ಥಹಳ್ಳಿ

ಉತ್ತರ: ಎದೆ ನೋವಾದ್ದರಿಂದ ಒಂದು ಇಸಿಜಿ ಮಾಡಿಸಿ. ಆದರೆ ನುಂಗುವಾಗಲೇ ಚುಚ್ಚುತ್ತದೆ ಎಂದರೆ ಕ್ಯಾಪ್ಸೂಲ್ ಅನ್ನನಾಳದಲ್ಲಿ ಅಂಟಿಕೊಂಡು ಕರಗಿರುವ ಸಾಧ್ಯತೆಯೇ ಹೆಚ್ಚು. ಡಾಕ್ಸಿಸೈಕ್ಲಿನ್ ಕರಗಿದಲ್ಲಿ ಆಮ್ಲದಂತೆ ಸುಡುತ್ತದೆ. ಮಲಗುವ ಮುನ್ನ ಒಂದು ಗುಟುಕು ನೀರಿನಲ್ಲಿ ನುಂಗಿ ಒರಗಿದವರಿಗೆ ಇದು ಬರುತ್ತದೆ. ದೊಡ್ಡ ಲೋಟ ನೀರು, ಕೂತು ಅಥವಾ ನಿಂತು, ಊಟದ ನಡುವೆ, ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ. ಹಾಲು, ಮೊಸರು, ಆಂಟಾಸಿಡ್, ಕಬ್ಬಿಣ ಎರಡು ಗಂಟೆ ದೂರ, ಇಲ್ಲದಿದ್ದರೆ ಮದ್ದು ಅವುಗಳಿಗೆ ಅಂಟಿಕೊಂಡು ಮಲದಲ್ಲಿ ಹೋಗುತ್ತದೆ. ಗಾಯ ಒಂದೆರಡು ವಾರದಲ್ಲಿ ಮಾಯುತ್ತದೆ. ಕೋರ್ಸ್ ಮುಂದುವರಿಸುವುದೋ ಬದಲಿಸುವುದೋ ನಾಳೆಯೇ ವೈದ್ಯರನ್ನು ಕೇಳಿ.

ಪ್ರಶ್ನೆ: ತಂದೆಗೆ 78. ಬೆನ್ನಿನ ನೋವಿಗೆ ಟ್ರಮಡಾಲ್ ಶುರುವಾದ ಮೇಲೆ ನಾಲ್ಕು ದಿನವಾದರೂ ಮಲವಿಲ್ಲ. ಇಸಬ್‌ಗೋಲ್ ಕೊಟ್ಟರೆ ಹೊಟ್ಟೆ ಇನ್ನೂ ಉಬ್ಬುತ್ತದೆ.
— ಬಾಗಲಕೋಟೆ

ಉತ್ತರ: ಇಲ್ಲಿ ಇಸಬ್‌ಗೋಲ್ ತಪ್ಪು ಮದ್ದು. ಅದು ನೀರು ಹೀರಿ ಉಬ್ಬುವ ಹೊಟ್ಟು. ಕರುಳು ತಾನಾಗಿ ಮುಂದೂಡುತ್ತಿದ್ದರೆ ಮಾತ್ರ ಕೆಲಸ. ಟ್ರಮಡಾಲ್, ಕೊಡೀನ್‌ಗಳು ಕರುಳಿನ ಚಲನೆಯನ್ನೇ ಮಂದ ಮಾಡುತ್ತವೆ. ಚಲಿಸದ ಕೊಳವೆಗೆ ಉಬ್ಬುವ ಹೊಟ್ಟು ತುಂಬಿದರೆ ಕಟ್ಟಿಕೊಳ್ಳುತ್ತದೆ. ಬೇಕಾದ್ದು ಚಲನೆ ಕೊಡುವ ಸೆನ್ನಾ ಅಥವಾ ಬಿಸಾಕೊಡಿಲ್, ಜೊತೆಗೆ ಮಲ ಮೆದುಗೊಳಿಸುವ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್. ಇವನ್ನು ಟ್ರಮಡಾಲ್ ಬರೆದ ದಿನವೇ ಬರೆಯಬೇಕಿತ್ತು. ನಾಲ್ಕು ದಿನವಾಗಿ ಹೊಟ್ಟೆ ಉಬ್ಬಿರುವುದರಿಂದ ಮೊದಲು ವೈದ್ಯರು ಹೊಟ್ಟೆ ಮುಟ್ಟಿ ನೋಡಲಿ. ವಾಂತಿಯಿದ್ದರೆ, ಗಾಳಿಯೂ ಹೋಗದಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ. ಇಸಬ್‌ಗೋಲ್ ಬೇಕಾದ ಇತರರು ಒಂದು ಚಮಚಕ್ಕೆ ದೊಡ್ಡ ಲೋಟ ನೀರು ಬೆರೆಸಿ, ಗಟ್ಟಿಯಾಗುವ ಮೊದಲೇ ಕುಡಿಯಿರಿ.

ಪ್ರಶ್ನೆ: ಭೇದಿಗೆಂದು ನಾರ್‌ಫ್ಲಾಕ್ಸಸಿನ್-ಟಿನಿಡಜೋಲ್ ಸ್ಟ್ರಿಪ್ ಸದಾ ಮನೆಯಲ್ಲಿಟ್ಟಿರುತ್ತೇವೆ. ಸರಿಯೇ?
— ವಿಜಯಪುರ

ಉತ್ತರ: ಸರಿಯಲ್ಲ. ಹೆಚ್ಚಿನ ಭೇದಿ ವೈರಸ್ ಅಥವಾ ಊಟದ ವಿಷದಿಂದ, ಎರಡು ಮೂರು ದಿನಕ್ಕೆ ತಾನೇ ನಿಲ್ಲುತ್ತದೆ. ಮಾತ್ರೆ ನುಂಗಿದ್ದರಿಂದ ನಿಂತಿತು ಎಂದು ಕಾಣುತ್ತದೆ. ಆ ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದೆಯಲ್ಲ, ಅದರರ್ಥ ಚೀಟಿ ಇಲ್ಲದೆ ತಿನ್ನಬಾರದು ಎಂದು. ಆ ಡಬ್ಬಿಯಲ್ಲಿ ಓಆರ್‌ಎಸ್ ಪ್ಯಾಕೆಟ್ ನಾಲ್ಕಿಡಿ.

ಪ್ರಶ್ನೆ: ಬಿಪಿಗೆ ಮಾತ್ರೆ ಇದೆ. ರಾತ್ರಿ ಊಟವಾದ ಮೇಲೆ ದಿನಾ ಒಂದು ಈನೋ ಕುಡಿಯುತ್ತೇನೆ. ಅದು ಮದ್ದಲ್ಲ, ಸೋಡಾ ತಾನೇ?
— ಬೆಂಗಳೂರು

ಉತ್ತರ: 5 ಗ್ರಾಂ ಪುಡಿಯಲ್ಲಿ ಸುಮಾರು 800 ಮಿ.ಗ್ರಾಂ. ಸೋಡಿಯಂ ಇದೆ. ಇಡೀ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 2 ಗ್ರಾಂ. ಸಾರಿಗೆ ಉಪ್ಪು ಕಡಿಮೆ ಹಾಕಿ ಬಿಪಿ ಇಳಿಯುತ್ತಿಲ್ಲ ಎಂದು ವೈದ್ಯರ ಮುಂದೆ ಹೇಳುವಾಗ ಈ ಲೋಟದ ವಿಷಯವನ್ನೂ ಹೇಳಿ. ದಿನಾ ಬೇಕಾಗುತ್ತಿದೆ ಎಂದರೆ ಮೊದಲು ಊಟದ ಹೊತ್ತನ್ನು ಒಂಬತ್ತೂವರೆಯಿಂದ ಏಳೂವರೆಗೆ ತಂದು ಎರಡು ವಾರ ನೋಡಿ.